ತೂಕಕ್ಕೆ ಬಂದ ದನಿಗಳು

ಭಾನುವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿದ ಸದ್ದು ಕೇಳಿದರೆ ಅಡುಗೆಮನೆಯಿಂದ ನನ್ನಾಕೆ ಒಂದೇ ಪ್ರಶ್ನೆ ಕೇಳುತ್ತಾಳೆ: "ದೋಸೆಗೋ, ಗುಜರಿಗೋ?"

ದೋಸೆಗೆ ಎಂದರೆ ಪಾರ್ಸಲ್ ತರುತ್ತೇನೆ, ಬೆಣ್ಣೆ ಜಾಸ್ತಿ ಹಾಕಿಸಿಕೊಂಡು. ಗುಜರಿಗೆ ಎಂದರೆ ಹನ್ನೆರಡರ ಮೇಲೆ ಬರುತ್ತೇನೆ, ಮೈತುಂಬ ಧೂಳು ಹಾಕಿಸಿಕೊಂಡು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿರುವುದರಿಂದ ಆಕೆಗೆ ಉತ್ತರವೂ ಗೊತ್ತಿರುತ್ತದೆ. ಆದರೂ ಕೇಳುತ್ತಾಳೆ.

ಇಂಗ್ಲೆಂಡಿನಲ್ಲಿರುವ ನನ್ನ ಸೋದರಮಾವನ ಮಗ ಒಮ್ಮೆ ಫೋನಿನಲ್ಲಿ ಅಲ್ಲಿನ ಚಾರಿಟಿ ಅಂಗಡಿಗಳ ಬಗ್ಗೆ ಹೇಳಿದ. ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಹಾಡಿನ ತಟ್ಟೆಗಳನ್ನು ಒಗೆದು ಒರೆಸಿ ದಾನ ಕೊಡುತ್ತಾರಂತೆ. ಅವನ್ನು ಅಂಗಡಿಯವರು ಬೆಲೆಚೀಟಿ ಅಂಟಿಸಿ ಮಾರಿ, ಬಂದ ದುಡ್ಡನ್ನು ಬಡವರಿಗೋ ರೋಗಿಗಳಿಗೋ ಬಳಸುತ್ತಾರಂತೆ. "ನಿಂಗೆ ಸ್ವರ್ಗ ಮಾವಾ, ಎಲ್ಲ ಜೋಡ್ಸಿಟ್ಟಿರ್ತಾರೆ" ಅಂದ. ನಮ್ಮೂರಲ್ಲಿ ಅಂಥ ಸ್ವರ್ಗವಿಲ್ಲ. ಇಲ್ಲಿ ಬೇಡವಾದದ್ದು ದಾನವಾಗುವುದಿಲ್ಲ, ತೂಕವಾಗುತ್ತದೆ. ಬೀದಿಯಲ್ಲಿ "ಹಳೇ ಪೇಪರ್, ಹಳೇ ಕಬ್ಣ, ಪ್ಲಾಸ್ಟಿಕ್" ಎಂದು ಕೂಗುತ್ತ ಬರುವ ತಳ್ಳುಗಾಡಿಯವನು ತಕ್ಕಡಿ ಎತ್ತುತ್ತಾನೆ. ಅವನಿಂದ ಅದು ಗುಜರಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಮತ್ತೆ ಜಾತಿವಾರು ಬೇರೆಯಾಗುತ್ತದೆ: ಕಬ್ಬಿಣದ ಗುಡ್ಡೆ, ರಟ್ಟಿನ ಗುಡ್ಡೆ, ಬಾಟಲಿಯ ಗುಡ್ಡೆ. ಕ್ಯಾಸೆಟ್ಟುಗಳು ಪ್ಲಾಸ್ಟಿಕ್ಕಿನ ಗುಡ್ಡೆಯಲ್ಲಿರುತ್ತವೆ, ಮುರಿದ ಕೊಡ ಮತ್ತು ಎಣ್ಣೆ ಡಬ್ಬಿಗಳ ಜೊತೆ.

ನಾನು ಹೋಗುವ ಅಂಗಡಿ ಪಿ.ಬಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿದೆ. ಅಂಗಡಿಯ ಸಾಬರು ನನ್ನನ್ನು ಕಂಡರೆ ಮಾತಾಡುವುದಿಲ್ಲ, ಒಂದು ಗೋಣಿಚೀಲವನ್ನು ಕಾಲಿನಿಂದ ನನ್ನ ಕಡೆ ತಳ್ಳುತ್ತಾರೆ. ವಾರದಲ್ಲಿ ಬಂದ ಕ್ಯಾಸೆಟ್ಟುಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿರುತ್ತಾರೆ. ಮೊದಮೊದಲು ಒಂದಕ್ಕೆ ಎರಡು ರೂಪಾಯಿ ಇತ್ತು. ನಾನು ಬಿಡದೆ ಬರತೊಡಗಿದ ಮೇಲೆ ಐದಾಯಿತು, ಈಗ ಹತ್ತು. "ಬೇರೆ ಯಾರೂ ತಗಳಲ್ವಲ್ಲ ಸಾಬ್ರೇ, ರೇಟ್ ಯಾಕೆ ಏರಿಸ್ತೀರಿ?" ಎಂದು ಕೇಳಿದರೆ, "ನೀವು ತಗತೀರಲ್ಲ ಮೇಷ್ಟ್ರೇ, ಅದಕ್ಕೇ" ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಬೇಡಿಕೆಯ ನಿಯಮವನ್ನು ಇದಕ್ಕಿಂತ ಚುಟುಕಾಗಿ ನಾನೂ ಹೇಳಲಾರೆ.

ಚೀಲದಲ್ಲಿ ಏನೇನು ಬರುತ್ತದೆ ಎಂಬುದರಲ್ಲಿ ಊರಿನ ನಲವತ್ತು ವರ್ಷದ ಕಿವಿಯ ಲೆಕ್ಕವೇ ಇರುತ್ತದೆ. ರಾಜ್‌ಕುಮಾರ್ ಭಕ್ತಿಗೀತೆಗಳು ಎಲ್ಲಕ್ಕಿಂತ ಹೆಚ್ಚು. ಆಮೇಲೆ 1987ರ 'ಪ್ರೇಮಲೋಕ'. ಅದು ಬಾರದ ವಾರವಿಲ್ಲ. ಆ ಚಿತ್ರದ ಕ್ಯಾಸೆಟ್ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರ ಪದಗಳು, ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ', ಮಲ್ಲಿಕಾರ್ಜುನ ಮನ್ಸೂರರ ವಚನಗಳು. ಒಮ್ಮೆ 'ನಿತ್ಯೋತ್ಸವ' ಸಿಕ್ಕಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 1978ರಲ್ಲಿ ಬಂದ ಅದೇ ಕ್ಯಾಸೆಟ್. ಭಾವಗೀತೆ ಪುಸ್ತಕದಿಂದ ಇಳಿದು ಮನೆಮನೆಯ ಟೇಪ್ ರೆಕಾರ್ಡರಿಗೆ ಬಂದದ್ದು ಅಲ್ಲಿಂದ ಮುಂದೆ. ಹತ್ತು ರೂಪಾಯಿ ಕೊಟ್ಟು ಜೇಬಿಗಿಳಿಸಿ, ಯಾರಾದರೂ ನೋಡಿ ಕಿತ್ತುಕೊಂಡಾರು ಎಂಬಂತೆ ಗಲ್ಲಿಯಿಂದ ಓಡಿ ಬಂದೆ.

ಅಪರೂಪಕ್ಕೆ ಗ್ರಾಮಫೋನ್ ತಟ್ಟೆಯೂ ಬರುತ್ತದೆ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನದು, ಕೈಜಾರಿದರೆ ಹಪ್ಪಳ. ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷದ ಹಾಡು ಅಷ್ಟೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕು. ಆ ಮೂರು ನಿಮಿಷದ ಶಕ್ತಿ ಸಾಮಾನ್ಯದ್ದಲ್ಲ. ಗದಗದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ, ಅಂಥ ಸಂಗೀತ ಕಲಿಯಬೇಕೆಂದು ಮನೆ ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಮೇಲೆ ಇರುವ ಹೆಸರು ಗಾಂಧಾರಿ. ಅದೊಂದು ಸಿಕ್ಕೀತೇ ಎಂದು ಪ್ರತಿ ಸಲ ತಟ್ಟೆ ಕಂಡಾಗ ಎದೆ ಹೊಡೆದುಕೊಳ್ಳುತ್ತದೆ. ಇದುವರೆಗೆ ಸಿಕ್ಕಿಲ್ಲ.

ಹೀಗೆಲ್ಲ ಹೇಳಿದರೆ ನಾನೊಬ್ಬ ಸಂಗೀತಪ್ರೇಮಿ ಎಂದು ನೀವು ತಿಳಿಯಬಹುದು. ಮನೆಗೆ ಬಂದ ಗೆಳೆಯರಿಗೂ ಹಾಗೇ ಹೇಳಿದ್ದೇನೆ. ಆದರೆ ಸಾಬರಿಗೆ ಬಹಳ ಬೇಗ ಗೊತ್ತಾಯಿತು, ನಾನು ಕ್ಯಾಸೆಟ್ ಎತ್ತಿಕೊಂಡರೆ ಮೊದಲು ಹೆಸರು ಓದುವುದಿಲ್ಲ, ಬೆನ್ನು ನೋಡುತ್ತೇನೆಂದು.

ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳಿರುತ್ತವೆ. ಒಂದೊಂದು ಮಗ್ಗುಲಿಗೆ ಒಂದೊಂದು. ಅದನ್ನು ಮುರಿದು ತೆಗೆದರೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ, ಒಳಗಿನ ದನಿ ಕ್ಷೇಮ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟುಗಳಲ್ಲಿ ಅದು ಮೊದಲೇ ಇರುವುದಿಲ್ಲ. ಆದರೆ ಆ ತೂತಿಗೆ ಒಂದು ಕಾಗದದ ಉಂಡೆ ತುರುಕಿದರೆ, ಇಲ್ಲ ಒಂದು ತುಂಡು ಟೇಪು ಅಂಟಿಸಿದರೆ, ಯಂತ್ರ ಮೋಸ ಹೋಗುತ್ತದೆ. ಹಳೆಯದನ್ನು ಅಳಿಸಿಕೊಂಡು ಹೊಸದನ್ನು ಬರೆದುಕೊಳ್ಳುತ್ತದೆ. ಖಾಲಿ ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದ ನಮ್ಮಂಥ ಹುಡುಗರಿಗೆಲ್ಲ ಈ ವಿದ್ಯೆ ಗೊತ್ತಿತ್ತು. ನಾನು ಹುಡುಕುವುದು ಬೆನ್ನಿನ ತೂತಿಗೆ ಕಾಗದ ತುರುಕಿದ ಕ್ಯಾಸೆಟ್ಟುಗಳನ್ನು.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದ. 1986ರಲ್ಲಿ ಬೋನಸ್ ಬಂದಾಗ ಒಂದು ಟೂ-ಇನ್-ಒನ್ ತಂದ. ಅದೇ ವರ್ಷ ಹರಿಹರದ ಹತ್ತಿರ, ಹೊಳೆದಂಡೆಯ ಅವ್ವನ ತವರಿನಲ್ಲಿ ಚಿಕ್ಕಮ್ಮನ ಮದುವೆ. ಅವ್ವ ಸೋಬಾನೆ ಹಾಡುವುದರಲ್ಲಿ ಆ ಸುತ್ತಿಗೆಲ್ಲ ಹೆಸರಾದವಳು. ಅಪ್ಪ ಬಸ್ಸಿನಲ್ಲಿ ತೊಡೆಯ ಮೇಲೆ ಆ ಪೆಟ್ಟಿಗೆ ಇಟ್ಟುಕೊಂಡು ಹೋಗಿ, ಅರಿಶಿಣದ ದಿನ ಅವಳ ಮುಂದೆ ಇಟ್ಟು ಕೆಂಪು ಗುಂಡಿ ಒತ್ತಿದ. ಅವಳು ಮೊದಲು ನಾಚಿಕೊಂಡಳು, ಆಮೇಲೆ ಒಂದು ತಾಸು ಹಾಡಿದಳು. ಮನೆಗೆ ಬಂದವನೇ ಅಪ್ಪ ಸ್ಕ್ರೂಡ್ರೈವರಿನಿಂದ ಎರಡೂ ಎಸಳು ಮುರಿದ. "ಇನ್ನು ಯಾರೂ ಅಳ್ಸಾಕೆ ಆಗಲ್ಲ" ಅಂದ.

ಎರಡು ವರ್ಷದ ಮೇಲೆ ನಾನು ಅಳಿಸಿದೆ. ಹದಿನಾಲ್ಕು ವರ್ಷ, ಗಣಿತದ ನೋಟ್‌ಬುಕ್ಕಿನ ಹಾಳೆಯ ಚೂರು, ರೇಡಿಯೋದಲ್ಲಿ ಸಿನಿಮಾ ಹಾಡು. ಒಂದು ಮಗ್ಗುಲು ಪೂರ್ತಿ, ಇನ್ನೊಂದು ಮಗ್ಗುಲು ವಾರ್ತೆ ಶುರುವಾಗುವ ತನಕ. ಗೊತ್ತಾದಾಗ ಅಪ್ಪ ಹೊಡೆಯಲು ಎದ್ದ. ಅವ್ವ ಅಡ್ಡ ಬಂದು, "ಹೋಗ್ಲಿ ಬಿಡ್ರಿ, ನಾನೇನ್ ಎಲ್ಲಿಗ್ ಹೋಗೀನಿ? ಬೇಕಂದಾಗ ಹಾಡ್ತೀನಿ" ಅಂದಳು. ಬೇಕು ಅಂತ ನಾವು ಮತ್ತೆ ಯಾವತ್ತೂ ಅನ್ನಲಿಲ್ಲ. ಅವ್ವ 2003ರಲ್ಲಿ ತೀರಿಕೊಂಡಳು.

2011ರಲ್ಲಿ ನಾವು ನಿಟ್ಟುವಳ್ಳಿಯ ಮನೆ ಬಿಟ್ಟು ವಿದ್ಯಾನಗರಕ್ಕೆ ಬಂದೆವು. ಟೂ-ಇನ್-ಒನ್ ಎಂದೋ ಕೆಟ್ಟಿತ್ತು. ಎರಡು ಚೀಲ ಕ್ಯಾಸೆಟ್ಟುಗಳನ್ನು ಗಾಡಿಯವನಿಗೆ ಹಾಕಿ ಒಂದು ಕೆಂಪು ಬಕೆಟ್ ತೆಗೆದುಕೊಂಡೆ. ಒಳ್ಳೆಯ ಬಕೆಟ್, ಇನ್ನೂ ಇದೆ.

ಮೂರು ವರ್ಷದ ಮೇಲೆ ಒಂದು ಸಂಜೆ ಮಗಳು, "ಅಪ್ಪಾ, ಅಜ್ಜಿ ದನಿ ಹೆಂಗಿತ್ತು?" ಎಂದು ಕೇಳಿದಳು. ಅಜ್ಜಿ ಹೋಗಿ ಎರಡು ವರ್ಷಕ್ಕೆ ಹುಟ್ಟಿದವಳು ಅವಳು. ನಾನು ಬಾಯಿ ತೆರೆದೆ, ಹೇಳಲು ಬರಲಿಲ್ಲ. ಮುಖ ಹೇಳಬಹುದು, ಫೋಟೋ ಇದೆ. ದನಿಯನ್ನು ಹೇಗೆ ಹೇಳುವುದು? ಆ ರಾತ್ರಿ ಮಲಗಿದಾಗ ನೆನಪಾಯಿತು. ಆ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಲ್ಲಿ ನನ್ನ ಸಿನಿಮಾ ಹಾಡು ಮುಗಿದು 'ಟಕ್' ಎಂದ ಮೇಲೆ ಕೊನೆಗೆ ಒಂದಿಷ್ಟು ಉಳಿದಿತ್ತು. ಅರ್ಧ ಪದ, ಹೆಂಗಸರ ನಗು, ಆಮೇಲೆ ಅವ್ವ: "ಸಾಕು ಬಿಡ್ರೇ, ಗಂಟ್ಲು ಒಣಗ್ತು." ಪ್ರತಿ ಸಲವೂ ಅಷ್ಟು ಹೊತ್ತಿಗೆ ನಾವು ಎದ್ದು ಸ್ಟಾಪ್ ಒತ್ತುತ್ತಿದ್ದೆವು. ಹಾಡು ಮುಗಿಯಿತಲ್ಲ ಎಂದು.

ಮರುವಾರದಿಂದ ಗುಜರಿ ಶುರುವಾಯಿತು.

ಹುಡುಕಾಟದಲ್ಲಿ ಅರ್ಥವಿಲ್ಲ ಎಂದು ನನಗೆ ಗೊತ್ತಿತ್ತು. ಸಾಬರಿಗೆ ಒಮ್ಮೆ ವಿಷಯ ಹೇಳಿದಾಗ ಅವರು ತಲೆ ಕೆರೆದುಕೊಂಡು, "ಅಷ್ಟು ಹಳೇ ಮಾಲು ಎಲ್ಲಿರ್ತೈತೆ ಮೇಷ್ಟ್ರೇ? ಡಬ್ಬಿ ಒಡೆದು ಪ್ಲಾಸ್ಟಿಕ್ ಮಿಶನ್ನಿಗೆ ಹೋಗ್ತೈತೆ. ರೀಲು ಯಾರ್ಗೂ ಬ್ಯಾಡ. ರೈತ್ರು ಬಂದ್ರೆ ಪುಕ್ಕಟೆ ಕೊಡ್ತೀವಿ, ಹೊಲದಾಗೆ ಕಟ್ಟಾಕೆ" ಅಂದರು. ನೀವೂ ನೋಡಿರುತ್ತೀರಿ. ತೆನೆ ಬಲಿಯುವ ಕಾಲಕ್ಕೆ ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ರೀಲು ಎಳೆದು ಕಟ್ಟಿರುತ್ತಾರೆ. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿಗಳು ಹತ್ತಿರ ಬರುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು ತೊಂಬತ್ತು ಮೀಟರ್ ರೀಲು. ಸಣ್ಣ ಹಿಡುವಳಿಯ ಒಂದು ಮಗ್ಗುಲಿಗೆ ಸಾಕು.

ಸಾಬರು ಹೇಳಿದ ಮೇಲೂ ನಾನು ಬಿಡಲಿಲ್ಲ. ಒಂದು ಹಳೆಯ ಡೆಕ್ ಕೊಂಡು ಅಶೋಕ ರಸ್ತೆಯ ರಿಪೇರಿಯವರಿಂದ ಬೆಲ್ಟ್ ಹಾಕಿಸಿದೆ. ಕಾಗದ ತುರುಕಿದ ಕ್ಯಾಸೆಟ್ಟುಗಳನ್ನು ತಂದು, ಬೂಸ್ಟು ಹಿಡಿದಿದ್ದರೆ ಒರೆಸಿ, ಕೊನೆಯ ತನಕ ಕೇಳಿದೆ. ಸ್ಟಾಪ್ ಒತ್ತದೆ. ಎಷ್ಟೋ ಮನೆಗಳ ಒಳಗೆ ಹೀಗೆ ಹೋಗಿ ಬಂದೆ. ಮಗ್ಗಿ ಹೇಳುವ ಹುಡುಗಿ, ಶಾಲೆಯ ಭಾಷಣ ಬಾಯಿಪಾಠ ಮಾಡುವ ಹುಡುಗ, "ಇದು ಆನ್ ಆಗೇತೇನ್ಲೇ?" ಎಂದು ಮತ್ತೆ ಮತ್ತೆ ಕೇಳುವ ತಾತ.

ಕಳೆದ ಮಳೆಗಾಲದಲ್ಲಿ ಸಿಕ್ಕಿದ ಒಂದು ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: 'ಮನೆಯವರು. ಅಳಿಸಬಾರದು.' ಇಪ್ಪತ್ತು ನಿಮಿಷ ಅಪ್ಪ ಮತ್ತು ಇಬ್ಬರು ಮಕ್ಕಳು ಮಾತಾಡುತ್ತಾರೆ, ಪದ್ಯ ಹೇಳುತ್ತಾರೆ, ಜಗಳವಾಡುತ್ತಾರೆ. ಎಲ್ಲಿಂದ ಬಂತು ಎಂದು ಸಾಬರನ್ನು ಕೇಳಿದೆ. ಹರಿಹರದಲ್ಲಿ ಒಂದು ಮನೆ ಖಾಲಿ ಮಾಡಿದ್ದರು, ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದವರದು ಎಂದರು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಅಲ್ಲಿದ್ದ ಎಷ್ಟೋ ಮನೆಗಳ ಮಕ್ಕಳು ಈಗ ಬೇರೆ ಊರಿನವರು. ಹದಿನೈದು ಕಿಲೋಮೀಟರ್ ಸ್ಕೂಟರಿನಲ್ಲಿ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಹಿರಿಯರು ನನ್ನನ್ನು ಬ್ಯಾಂಕಿನವನೆಂದು ತಿಳಿದು ಮೊದಲು ಮಾತಾಡಲಿಲ್ಲ. ಆಮೇಲೆ ಚಹಾ ಕೊಟ್ಟು, ಪುಣೆಯಲ್ಲಿರುವ ಆ ಮನೆಯ ಮಗನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

ಅವರು ಪೂರ್ತಿ ಕೇಳಿಸಿಕೊಂಡರು. "ಅದನ್ನ ಹಾಕಿದ್ದು ನಾನೇ ಸಾರ್, ಗೊತ್ತಿದ್ದೇ ಹಾಕಿದ್ದು. ಕೇಳೋಕೆ ಮಷೀನ್ ಎಲ್ಲಿದೆ ಈಗ? ನಿಮಗೆ ಸುಮ್ನೆ ತೊಂದರೆ, ಬಿಟ್ಬಿಡಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರ ಇತ್ತು. ನನ್ನ ನಂಬರ್ ಕೊಟ್ಟು ವಾಪಸು ಬಂದೆ. ದಾರಿಯುದ್ದಕ್ಕೂ ನಾಚಿಕೆಯಾಯಿತು. ನನ್ನ ಕಳವಳವನ್ನು ಊರವರ ಮೇಲೆಲ್ಲ ಹೊರಿಸುತ್ತಿದ್ದೇನೆ ಅನ್ನಿಸಿತು. ಇನ್ನು ಈ ಹುಚ್ಚು ಸಾಕು ಎಂದು ಆಕೆಗೂ ಹೇಳಿದೆ. ನಂಬಲಿಲ್ಲ.

ನಾಲ್ಕು ದಿನದ ಮೇಲೆ, ರಾತ್ರಿ ಹನ್ನೊಂದಕ್ಕೆ ಅವರೇ ಫೋನು ಮಾಡಿದರು.

"ಸಾರ್, ಅದರಲ್ಲಿ ನಮ್ಮಮ್ಮ ಎಲ್ಲಾದ್ರೂ ಮಾತಾಡಿದಾರಾ?"

ನಾನು ಇನ್ನೊಮ್ಮೆ ಕೇಳಿ ಹೇಳುತ್ತೇನೆ ಎಂದೆ. ಡೆಕ್ಕಿಗೆ ಹಾಕಿ, ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಎರಡು ಸಲ ಕೇಳಿದೆ. ತಾಯಿ ಎಲ್ಲೂ ಮಾತಾಡಿರಲಿಲ್ಲ. ಪದ್ಯದ ಹಿಂದೆ ಕುಕ್ಕರು ಮೂರು ಸಲ ಕೂಗುತ್ತದೆ. ಒಗ್ಗರಣೆ ಸಿಡಿಯುತ್ತದೆ. ಬಳೆ ಸದ್ದು ಹತ್ತಿರ ಬರುತ್ತದೆ, ಒಂದು ಪಾತ್ರೆ ಕೆಳಗಿಟ್ಟ ಸದ್ದಾಗುತ್ತದೆ, ಅಪ್ಪ "ನೀನೂ ಏನಾರ ಹೇಳು" ಅನ್ನುತ್ತಾರೆ. ಬಳೆ ಸದ್ದು ದೂರ ಹೋಗುತ್ತದೆ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಕೇಳಿಸಿದ್ದನ್ನು ಇದ್ದ ಹಾಗೆ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅಷ್ಟು ಮಾತ್ರ ಕಳಿಸ್ತೀರಾ?" ಎಂದರು.

ಮಗಳ ಹತ್ತಿರ ಹೇಳಿಸಿಕೊಂಡು, ಡೆಕ್ಕಿನಿಂದ ಫೋನಿಗೆ ಇಳಿಸಿ, ಒಂದೂಕಾಲು ನಿಮಿಷದ ತುಂಡು ಮಾಡಿ ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಮರುದಿನ ಅಂಚೆ ವಿಳಾಸ ಬಂತು. ಕ್ಯಾಸೆಟ್ಟನ್ನು ಹತ್ತಿಯಲ್ಲಿ ಸುತ್ತಿ ಕಳಿಸಿಕೊಟ್ಟೆ.

ಹತ್ತು ವರ್ಷದ ಮೇಲಾಯಿತು, ಅವ್ವನ ಕ್ಯಾಸೆಟ್ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಆಕೆ ಹಾಡುತ್ತಿದ್ದ ಪದಗಳಲ್ಲಿ ನಾಲ್ಕು ಚಿಕ್ಕಮ್ಮನಿಗೆ ನೆನಪಿವೆಯಂತೆ. ಆಕೆಗೀಗ ಅರವತ್ತರ ಮೇಲೆ, ಗಂಟಲು ನಡುಗುತ್ತದೆ. ಹೋದ ದೀಪಾವಳಿಗೆ ಮಗಳು ಫೋನನ್ನು ಆಕೆಯ ಮುಂದೆ ಹಿಡಿದಳು. "ಅಯ್ಯ, ನಂದೇನ್ ಹಾಡು, ನಿಮ್ಮಜ್ಜಿ ಹಾಡ್ಬೇಕಿತ್ತು" ಎಂದು ಚಿಕ್ಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಎರಡು ಪದ ಹಾಡಿದಳು. ಇನ್ನೆರಡು ಬಾಕಿ ಇವೆ, ಯುಗಾದಿಗೆ ಬಾ ಅಂದಿದ್ದಾಳೆ.

ಭಾನುವಾರ ಬಂದರೆ ಸಾಬರು ಈಗಲೂ ಚೀಲ ತಳ್ಳುತ್ತಾರೆ. ನಾನು ಈಗಲೂ ಬೆನ್ನು ನೋಡುತ್ತೇನೆ. ಬರುವಾಗ ಎಷ್ಟು ಹೊತ್ತಾದರೂ ದೋಸೆ ಪಾರ್ಸಲ್ ತರುತ್ತೇನೆ. ಆರಿರುತ್ತದೆ, ಆದರೂ ಮನೆಯವರು ತಿನ್ನುತ್ತಾರೆ.