10 ಡಾಲರಿಗೆ 160 ಎಕರೆ

ಕಳೆದ ಬೇಸಿಗೆಯಲ್ಲಿ ಅಮ್ಮ ಎಡ್ಮಂಟನ್ನಿಗೆ ಬಂದಿದ್ದರು. ಬ್ಯಾನ್ಫ್, ಜ್ಯಾಸ್ಪರ್ ಎಲ್ಲ ತೋರಿಸಿ ಆಗಿತ್ತು. "ಬೆಟ್ಟ ನೋಡಿದ್ದು ಸಾಕು, ಇಲ್ಲಿ ಜನ ಹೇಗೆ ಬಾಳಿದರು ಅದನ್ನ ತೋರಿಸು" ಎಂದರು. ಸರಿ, ಒಂದು ಶನಿವಾರ ಪುಳಿಯೋಗರೆ ಕಟ್ಟಿಕೊಂಡು ಯೆಲ್ಲೋಹೆಡ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟೆವು. ಎಲ್ಕ್ ಐಲ್ಯಾಂಡ್ ರಾಷ್ಟ್ರೀಯ ಉದ್ಯಾನ ದಾಟಿದರೆ ಸ್ವಲ್ಪ ದೂರದಲ್ಲೇ ಯುಕ್ರೇನಿಯನ್ ಕಲ್ಚರಲ್ ಹೆರಿಟೇಜ್ ವಿಲೇಜ್.

ಸುತ್ತಲಿನ ಊರುಗಳ ಹಳೆಯ ಮನೆ, ಚರ್ಚು, ಅಂಗಡಿ, ಶಾಲೆಗಳನ್ನು ತಂದು ನಿಲ್ಲಿಸಿರುವ ಬಯಲು ಮ್ಯೂಸಿಯಂ ಇದು. 1892ರಿಂದ 1930ರವರೆಗಿನ ವಲಸಿಗರ ಬದುಕು ಇಲ್ಲಿದೆ. ಅಂದಿನ ಉಡುಪು ತೊಟ್ಟವರು ಅಂದಿನವರಾಗಿಯೇ ಮಾತಾಡುತ್ತಾರೆ. ಮಗಳು ಮೊಬೈಲ್ ತೆಗೆದರೆ ತಲೆಗೆ ಚೌಕ ಕಟ್ಟಿದ ಹೆಂಗಸೊಬ್ಬಳು "ಇದೇನು?" ಎಂದು ಗಂಭೀರವಾಗಿ ಕೇಳಿದಳು!

ಮೊದಲು ಕಂಡದ್ದು 'ಬುರ್ದೇಯ್'. ನೆಲ ಅಗೆದು, ಮೇಲೆ ಮರದ ಗಳ ಜೋಡಿಸಿ, ಹುಲ್ಲುಹೆಂಟೆ ಹೊದಿಸಿದ ಗುಡಿಸಲು. ಆಲ್ಬರ್ಟಾದ ಚಳಿಗಾಲವನ್ನು ಇಡೀ ಸಂಸಾರ ಇದರಲ್ಲಿ ಕಳೆಯುತ್ತಿತ್ತು.

ಯಾಕೆ ಬಂದರು? ಅವರ ಗಲೀಷಿಯಾ, ಬುಕೊವಿನಾಗಳು ಆಗ ಆಸ್ಟ್ರಿಯಾ-ಹಂಗೆರಿಯ ಆಳ್ವಿಕೆಯಲ್ಲಿದ್ದವು. ಮಕ್ಕಳಿಗೆ ಹಂಚಿ ಹಂಚಿ ಹೊಲ ಪಟ್ಟಿಯಷ್ಟಾಗಿತ್ತು; ಕಾಡು ಜಮೀನ್ದಾರರದು. ಕೆನಡಾದಲ್ಲಿ 10 ಡಾಲರ್ ನೋಂದಣಿ ಶುಲ್ಕ ಕಟ್ಟಿದರೆ 160 ಎಕರೆ. ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದರೆ ಸ್ವಂತ. 1891ರಲ್ಲಿ ಇವಾನ್ ಪಿಲಿಪಿವ್, ವಾಸಿಲ್ ಎಲೆನ್ಯಾಕ್ ಎಂಬಿಬ್ಬರು ಬಂದು ನೋಡಿದರು. 1914ರ ಹೊತ್ತಿಗೆ ಬಂದವರು ಸುಮಾರು 1,70,000.

ಬಯಲು ಭೂಮಿ ಇದ್ದರೂ ಬಹಳ ಜನ ಮರಗಳಿದ್ದ ಕಡೆಯನ್ನೇ ಆರಿಸಿಕೊಂಡರಂತೆ. ಬೇರು ಕಿತ್ತು ಉಳುವ ಕಷ್ಟ ಯಾಕಪ್ಪ ಎಂದು ನಾನಂದೆ. ಅಮ್ಮ ಥಟ್ಟನೆ, "ಸೌದೆಗೆ ಇನ್ನೊಬ್ಬರ ಕೈ ಕಾದವರಿಗೆ ಗೊತ್ತು" ಎಂದರು.

ಆಮೇಲಿನ ಮನೆಗಳು ಚೆನ್ನಾಗಿವೆ. ಮರದ ದಿಮ್ಮಿಯ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದಾರೆ. ಬಾಗಿಲು ದಕ್ಷಿಣಕ್ಕೆ, ಒಳಗೆ 'ಪೀಚ್' ಎಂಬ ದೊಡ್ಡ ಮಣ್ಣಿನ ಒಲೆ. ಅಮ್ಮ ಗೋಡೆ ಸವರಿ, "ಸಗಣಿ ಸೇರಿಸ್ತಾರಾ ಕೇಳು" ಎಂದರು. ಕೇಳಿದೆ. "ಮತ್ತೆ? ಸಗಣಿ, ಹುಲ್ಲು ಸೇರಿಸದಿದ್ದರೆ ಮಣ್ಣು ಬಿರಿಯುತ್ತೆ" ಎಂದಳು ಆಕೆ. ಮುಂದೆ ಅವರಿಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ, ಕೈಸನ್ನೆಯೇ ಸಾಕಾಯಿತು.

ಶಾಲೆಯ ಕೋಣೆಯಲ್ಲಿ ಮಾತ್ರ ನಾನು ಸುಮ್ಮನೆ ಕೂತೆ. 1913ರಲ್ಲಿ ಆಲ್ಬರ್ಟಾ ಸರ್ಕಾರ ಯುಕ್ರೇನಿಯನ್ ಉಪಾಧ್ಯಾಯರನ್ನು ತೆಗೆದುಹಾಕಿತ್ತು. ಮರುವರ್ಷ ಮಹಾಯುದ್ಧ; ಆಸ್ಟ್ರಿಯಾದ ಪ್ರಜೆಗಳೆಂಬ ಕಾರಣಕ್ಕೆ ಇವರೇ 'ಶತ್ರು'ಗಳಾದರು. ಬಂಧನ ಶಿಬಿರ ಸೇರಿದ 8,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಯುಕ್ರೇನಿಯನ್ನರು. ಆದರೂ ಮನೆಯಲ್ಲಿ, ಚರ್ಚಿನಲ್ಲಿ ಭಾಷೆ ಉಳಿಯಿತು. 1974ರಲ್ಲಿ ಎಡ್ಮಂಟನ್ನಿನ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್-ಯುಕ್ರೇನಿಯನ್ ದ್ವಿಭಾಷಾ ತರಗತಿಗಳು ಶುರುವಾದವು. ಅರವತ್ತು ವರ್ಷ ಕಾದಿದ್ದರು.

ನಮ್ಮ ಕನ್ನಡಕ್ಕೆ ಇಲ್ಲಿ ಯಾರ ಅಡ್ಡಿಯೂ ಇಲ್ಲ. ಭಾನುವಾರದ ಕನ್ನಡ ತರಗತಿಗೆ ಹೋದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಹೋದದ್ದು ನಾಲ್ಕೇ ಸಲ. ವಿಪರೀತ ಚಳಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಬುರ್ದೇಯ್ ನೋಡಿ ಬಂದ ಮೇಲೆ ಆ ನೆಪ ಹೇಳಲು ಬಾಯಿ ಬರುತ್ತಿಲ್ಲ.

ಬೇಸಿಗೆಯಲ್ಲಿ ಊರಿಂದ ಹಿರಿಯರು ಬಂದಾಗ ನೀವೂ ಕರೆದುಕೊಂಡು ಹೋಗಿ. ಅರ್ಧ ವಿವರಣೆ ಅವರೇ ಕೊಡುತ್ತಾರೆ.