ಆಸಾಡಿ ಮಳೆಯಲ್ಲಿ ಒಂದು ಹಸಿರು ದೀಪ

ರಾತ್ರಿ ಹನ್ನೊಂದೂಕಾಲು. ಬಾರ್ಕೂರು ಮೂಡುಕೇರಿಯ ನಮ್ಮ ಮನೆಯ ಹಂಚಿನ ಮೇಲೆ ಆಸಾಡಿ ಮಳೆ ಜಡಿಯುತ್ತಿತ್ತು. ಜಗಲಿಯ ಮೇಜಿನ ಮೇಲೆ 12 ವರ್ಷ ಹಳೆಯ ಲ್ಯಾಪ್‌ಟಾಪ್. ಬ್ಯಾಟರಿ ಸತ್ತಿದೆ, ಕರೆಂಟು ಇದ್ದರಷ್ಟೇ ಜೀವ. ಒಳಗಿನ ವೈಫೈ ಕಾರ್ಡು ತೇವಕ್ಕೆ ಹೋಗಿದೆ. ಲ್ಯಾನ್ ಪೋರ್ಟನ್ನು ಮೇ ತಿಂಗಳ ಸಿಡಿಲು ಸುಟ್ಟಿದೆ. ನಮ್ಮ ಕಡೆ ಇದು ಮನೆಮನೆಯ ಕಥೆ. ಉಳಿದದ್ದು ಒಂದೇ ದಾರಿ: ಸಂಜೆ ಬ್ರಹ್ಮಾವರದಿಂದ ತಂದ, ಹೆಬ್ಬೆರಳ ಉಗುರಿನಷ್ಟು ವೈಫೈ ಡೊಂಗಲ್.

ಬೆಳಿಗ್ಗೆ 10ಕ್ಕೆ ಅಣ್ಣಯ್ಯನ ಮಗಳಿಗೆ ಆನ್‌ಲೈನ್ ಪರೀಕ್ಷೆ, ಅವಳ ಮೊದಲ ಕೆಲಸಕ್ಕೆ. ಪರೀಕ್ಷೆ ಮುಗಿಯುವವರೆಗೆ ಕೋಣೆಯಲ್ಲಿ ಫೋನು ಇರಬಾರದೆಂಬ ನಿಯಮ.

"ಆತಿಲ್ಲೆ ಅಂದ್ರೆ ಈಗ್ಲೇ ಹೇಳ್," ಅಂದ ಅಣ್ಣಯ್ಯ. "ಬೆಳಿಗ್ಗೆ ಉಡುಪಿಗೆ ಕರ್ಕಂಡ್ ಹೋತೆ."

ಆ ಮಳೆಯಲ್ಲಿ, ಆ ರಸ್ತೆಯಲ್ಲಿ? ಆಗುತ್ತದೆ ಅಂದೆ. ಅಂದ ಮೇಲೆ ಮಾಡಲೇಬೇಕು.

ಡೊಂಗಲ್ ಸಿಕ್ಕಿಸಿದೆ. ವೈಫೈ ಬರಲಿಲ್ಲ; ಪರದೆಯ ಮೇಲೆ ಒಂದು ಸಿ.ಡಿ.ಯ ಚಿತ್ರ ಬಂತು! ತೆರೆದರೆ ವಿಂಡೋಸ್‌ಗೆ ಮಾತ್ರ ಆಗುವ ಒಂದು ಕಡತ. ನಮ್ಮದು ಲಿನಕ್ಸ್ ಮಿಂಟ್ 21. ಎದೆ ಧಸಕ್ಕೆಂದಿತು. ಟರ್ಮಿನಲ್ ತೆರೆದು, ಸಿಕ್ಕಿಸಿದ ಸಾಧನಗಳ ಪಟ್ಟಿ ನೋಡಲು 'ಎಲ್‌ಎಸ್‌ಯುಎಸ್‌ಬಿ' ಎಂದು ಕೊಟ್ಟೆ. ಒಂದು ಸಾಲು ಎದ್ದು ನಿಂತಿತು: 0ಬಿಡಿಎ:1ಎ2ಬಿ. ಮೊದಲ ನಾಲ್ಕು ತಯಾರಕರ ಗುರುತು, ಕೊನೆಯ ನಾಲ್ಕು ಸಾಧನದ್ದು. ನಮ್ಮದು ಆಳುಪರು ರಾಜಧಾನಿ ಮಾಡಿಕೊಂಡಿದ್ದ, ಶಾಸನದ ಕಲ್ಲುಗಳ ಊರು. ಬಾಯಿಮಾತು ಏನೇ ಹೇಳಲಿ, ಕಲ್ಲಿನಲ್ಲಿ ಕೊರೆದದ್ದನ್ನು ಓದಬೇಕು. ಪೆಟ್ಟಿಗೆಯ ಮೇಲಿನ ಬಣ್ಣದ ಹೆಸರನ್ನು ಬದಿಗಿಟ್ಟು ಆ ಎಂಟು ಅಕ್ಷರಗಳನ್ನೇ ಹಿಡಿದುಕೊಂಡೆ.

ಗುಟ್ಟು ಅಲ್ಲೇ ಇತ್ತು. ಇಂಥ ಡೊಂಗಲ್ ಮೊದಲು ಸಿ.ಡಿ. ಡ್ರೈವಿನ ವೇಷ ಹಾಕಿಕೊಂಡು ಬರುತ್ತದೆ. ಆ ಸಿ.ಡಿ.ಯನ್ನು 'ಹೊರಹಾಕಿದರೆ' ವೇಷ ಕಳಚುತ್ತದೆ. 'ಯುಎಸ್‌ಬಿ ಮೋಡ್‌ಸ್ವಿಚ್' ಆದೇಶ ಕೊಟ್ಟೆ. ಒಂದು ಕ್ಷಣ, ಎರಡು ಕ್ಷಣ... ಸಂಖ್ಯೆ ಬದಲಾಯಿತು! 0ಬಿಡಿಎ:ಸಿ811. ಒಳಗಿರುವ ಚಿಪ್ 8821ಸಿಯು ಬಳಗದ್ದು.

"ಆತ್ತಾ ಚಿಕ್ಕಪ್ಪ?" ಬಾಗಿಲ ಬಳಿ ನಿಂತ ಹುಡುಗಿ ಕೇಳಿದಳು.

ಆಗಲಿಲ್ಲ. ವೇಷ ಕಳಚಿತ್ತು, ಮಾತಾಡಿಸುವವರು ಇರಲಿಲ್ಲ. ಲಿನಕ್ಸಿನ ತಿರುಳೇ ಕರ್ನಲ್; ನಮ್ಮ ಯಂತ್ರದ್ದು 5.15, ಅಂದರೆ 2021ರದ್ದು. ಈ ಚಿಪ್ಪಿನ ಯುಎಸ್‌ಬಿ ರೂಪಕ್ಕೆ ಬೇಕಾದ 'ಆರ್‌ಟಿಡಬ್ಲ್ಯು88' ಚಾಲಕ (ಡ್ರೈವರ್) ಕರ್ನಲ್ ಒಳಗೆ ಸೇರಿದ್ದು 6.2ರಲ್ಲಿ, 2023ರ ಫೆಬ್ರವರಿಯಲ್ಲಿ. ಹೊಸ ಕರ್ನಲ್ ಬೇಕು. ಅದನ್ನು ತರಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ಡೊಂಗಲ್ ಬೇಕು. ಡೊಂಗಲ್‌ಗೆ ಹೊಸ ಕರ್ನಲ್ ಬೇಕು!

ಆಗ ಕಣ್ಣಿಗೆ ಬಿದ್ದದ್ದು ಅಣ್ಣಯ್ಯನ ಫೋನು. ಮನೆಯ ವೈಫೈ ಹಿಡಿದಿದ್ದ ಫೋನನ್ನು ಚಾರ್ಜಿಂಗ್ ವಯರಿನಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಒತ್ತಿದೆ. ಲಿನಕ್ಸ್ ಅದನ್ನು ಯಾವ ಚಾಲಕವನ್ನೂ ಕೇಳದೆ ಒಪ್ಪಿಕೊಂಡಿತು. 6.5ರ ಕರ್ನಲ್ ಇಳಿಯತೊಡಗಿತು. ಇಳಿಯಿತು. ಸ್ಥಾಪನೆ ಶುರುವಾಯಿತು. ಕೊನೆಯ ಸಾಲುಗಳು ಓಡುತ್ತಿವೆ...

ಸೀತಾನದಿಯ ದಿಕ್ಕಿನಲ್ಲಿ ಫಳ್ಳನೆ ಮಿಂಚು. ಕರೆಂಟು ಹೋಯಿತು. ಲ್ಯಾಪ್‌ಟಾಪ್ ಆ ಕ್ಷಣವೇ ಸತ್ತಿತು.

ಕತ್ತಲೆಯಲ್ಲಿ ಮೂವರೂ ಮಾತಿಲ್ಲದೆ ಕೂತೆವು. ಕಪ್ಪೆಗಳ ಸದ್ದು, ಮಳೆಯ ಸದ್ದು. ಒಂದಾಯಿತು. ಎರಡಾಯಿತು. ಮೂರು ಗಂಟೆ ನಲವತ್ತಕ್ಕೆ ಕರೆಂಟು ಬಂತು. ಗುಂಡಿ ಒತ್ತಿದೆ. ಕಪ್ಪು ಪರದೆಯ ತುಂಬ ಬಿಳಿ ಅಕ್ಷರ: 'ಕರ್ನಲ್ ಪ್ಯಾನಿಕ್'. ಬೂಟ್ ಆಗುವಾಗ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಕಡತ ಡಿಸ್ಕಿಗೆ ಪೂರ್ತಿ ಇಳಿದಿರಲಿಲ್ಲ. ಇದ್ದ ಯಂತ್ರವನ್ನೂ ಕಳೆದೆನೇ? ಕೈ ನಡುಗಿತು.

ಇಲ್ಲ. ಲಿನಕ್ಸ್ ಮಿಂಟ್ ಹೊಸ ಕರ್ನಲ್ ತಂದಾಗ ಹಳೆಯದನ್ನು ಎಸೆಯುವುದಿಲ್ಲ. ಅದನ್ನು ಕಟ್ಟಿದವರ ಈ ಎಚ್ಚರಕ್ಕೆ ನಾನು ಸಾಯುವವರೆಗೆ ಋಣಿ. ಶಿಫ್ಟ್ ಕೀಲಿ ಅದುಮಿ ಹಿಡಿದು ಯಂತ್ರ ಎಬ್ಬಿಸಿದೆ. ಯಾವ ಕರ್ನಲ್ ಬೇಕೆಂದು ಕೇಳುವ ಗ್ರಬ್ ಪಟ್ಟಿ ಬಂತು. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ 5.15 ಕಾಯುತ್ತಾ ಕೂತಿತ್ತು. ಒತ್ತಿದೆ. ಪರದೆ ಬೆಳಗಿತು! 'ಡಿಪಿಕೆಜಿ' ಆದೇಶದಿಂದ ಅರ್ಧಕ್ಕೆ ನಿಂತ ಸ್ಥಾಪನೆ ಮುಗಿಸಿದೆ, 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಕೊಟ್ಟು ಮುರಿದ ಕಡತವನ್ನು ಹೊಸದಾಗಿ ಕಟ್ಟಿಸಿದೆ. ಮಿಂಚು ಹೊಡೆದಾಗಲೆಲ್ಲ ಉಸಿರು ನಿಲ್ಲುತ್ತಿತ್ತು. ಕರೆಂಟು ಹೋಗಲಿಲ್ಲ.

ಮತ್ತೆ ಬೂಟ್. 6.5 ಎದ್ದಿತು. ಡೊಂಗಲ್ ಮತ್ತೆ ಸಿ.ಡಿ. ವೇಷದಲ್ಲೇ ಬಂತು, ಮತ್ತೆ ಹೊರಹಾಕಿದೆ. ಐದು ಗಂಟೆ ಹತ್ತು ನಿಮಿಷ. ಡೊಂಗಲ್‌ನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಮಿನುಗಿತು. ಪಟ್ಟಿಯಲ್ಲಿ ನಮ್ಮ ಮನೆಯ ವೈಫೈ ಹೆಸರು.

"ಆಯ್ತ್!" ಎಂದು ಕೂಗಿದವನು ಅಣ್ಣಯ್ಯ. ಹುಡುಗಿ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಹತ್ತಕ್ಕೆ ಐದು ನಿಮಿಷ ಮೊದಲೇ ಅವಳು ಲ್ಯಾಪ್‌ಟಾಪನ್ನು ಕೋಣೆಗೆ ಒಯ್ದು ಪರದೆಯ ಮುಂದೆ ಕೂತಳು. ಹೊರಗೆ ಜಗಲಿಯಲ್ಲಿ ನಾವಿಬ್ಬರು, ನಮ್ಮ ನಡುವೆ ಮೂರು ಫೋನು. ಒಂದೂವರೆ ಗಂಟೆ ಆ ದೀಪ ಆರಲಿಲ್ಲ.

ಡೊಂಗಲ್ ಕೊಳ್ಳುವ ಮೊದಲು ಅಂಗಡಿಯವರನ್ನು ಚಿಪ್ಪಿನ ಸಂಖ್ಯೆ ಕೇಳಿ. ಹಳೆಯ ಕರ್ನಲ್ಲನ್ನು ದಯವಿಟ್ಟು ಅಳಿಸಬೇಡಿ.