ಒಂದು ವಾರದ ಅತಿಥಿಯ ಹೆಸರು ಹೊತ್ತ ಮನೆ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಬಂದರುನಗರ ಚಾರ್ಲ್ಸ್‌ಟನ್. ಅಲ್ಲಿನ ಚರ್ಚ್ ಬೀದಿಯ 87ನೆಯ ಸಂಖ್ಯೆಯ ಮನೆ ಮೂರು ಅಂತಸ್ತಿನ ಇಟ್ಟಿಗೆಯ ಕಟ್ಟಡ. ಅದಕ್ಕೆ ಹೇವರ್ಡ್-ವಾಷಿಂಗ್ಟನ್ ಮನೆ ಎಂದು ಹೆಸರು. ಈ ಜೋಡುಹೆಸರಿನ ಪೂರ್ವಾರ್ಧ ಮನೆ ಕಟ್ಟಿಸಿದ ಕುಟುಂಬದ್ದು. ಉತ್ತರಾರ್ಧ 1791ರ ಮೇ ತಿಂಗಳಲ್ಲಿ ಅಲ್ಲಿ ಒಂದು ವಾರ ಇಳಿದುಕೊಂಡಿದ್ದ ಅತಿಥಿಯದು. ಅತಿಥಿ ಹೋದ ಮೂರು ವರ್ಷಕ್ಕೆ ಈ ಮನೆಯನ್ನು ಕೊಂಡು ಒಂಬತ್ತು ವರ್ಷ ಅದರ ಒಡೆಯನಾಗಿದ್ದ ನ್ಯಾಯಾಧೀಶನ ಹೆಸರು ಈ ಜೋಡಿಯಲ್ಲಿಲ್ಲ. ಹಿತ್ತಿಲಿನ ಅಡುಗೆಮನೆಯಲ್ಲಿ ಒಲೆ ಉರಿಸಿದವರ ಹೆಸರು ಇರುವ ಪ್ರಶ್ನೆಯೇ ಇಲ್ಲ.

ಆಶ್ಲಿ ಮತ್ತು ಕೂಪರ್ ನದಿಗಳ ನಡುವೆ ಚಾಚಿಕೊಂಡ ನೆಲದ ಮೇಲಿರುವ ಈ ಊರು 1783ರವರೆಗೆ ಚಾರ್ಲ್ಸ್ ಟೌನ್ ಎನಿಸಿಕೊಂಡಿತ್ತು. ಅಲ್ಲಿನ ಸಾಮಾನ್ಯ ಹಳೆಯ ಮನೆಯ ರಚನೆ ವಿಶಿಷ್ಟವಾದದ್ದು. ಮನೆಯ ಕಿರಿದಾದ ಪಾರ್ಶ್ವ ಬೀದಿಯ ಕಡೆಗಿರುತ್ತದೆ. ಅಗಲ ಒಂದೇ ಕೋಣೆಯಷ್ಟು. ಉದ್ದಕ್ಕೂ ಸಾಗುವ ಪಡಸಾಲೆ ದಕ್ಷಿಣಕ್ಕೋ ಪಶ್ಚಿಮಕ್ಕೋ ತೆರೆದು ಗಾಳಿಯನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಬೀದಿಯಲ್ಲಿ ಕಾಣುವ ಬಾಗಿಲು ತೆರೆದರೆ ಮನೆಯ ಒಳಗೆ ಹೋಗುವುದಿಲ್ಲ, ಪಡಸಾಲೆಗೆ ಹೋಗುತ್ತದೆ. ನಡುವಣ ಅಂಗಳದ ಸುತ್ತ ಬೆಳೆಯುವ ನಮ್ಮ ತೊಟ್ಟಿಮನೆಯನ್ನು ಬಲ್ಲವರಿಗೆ ಇದು ಅಂಗಳವನ್ನು ಪಕ್ಕಕ್ಕೆ ತಳ್ಳಿದ ಮನೆಯಂತೆ ತೋರೀತು. ಅಂಗಳದ ಹಿಂಬದಿಯಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಕುದುರೆಲಾಯ ಪ್ರತ್ಯೇಕವಾಗಿದ್ದು, ಅವುಗಳ ಮಾಳಿಗೆಯಲ್ಲಿ ಗುಲಾಮರ ವಾಸವಿತ್ತು. ಶ್ರೀಮಂತರಲ್ಲಿ ಕೆಲವರು ಈ ಮಾದರಿಯನ್ನು ಬಿಟ್ಟು, ನಡುವೆ ಹಜಾರ, ಎರಡು ಕಡೆಯೂ ಎರಡೆರಡು ಕೋಣೆಗಳುಳ್ಳ ವಿಶಾಲ ಮನೆಗಳನ್ನು ಕಟ್ಟಿಸಿಕೊಂಡರು. ಚರ್ಚ್ ಬೀದಿಯ ಮನೆ ಆ ವರ್ಗಕ್ಕೆ ಸೇರಿದ್ದು. ಆದರೆ ಹಿತ್ತಿಲಿನ ವ್ಯವಸ್ಥೆ ಎರಡು ಮಾದರಿಗಳಲ್ಲಿಯೂ ಒಂದೇ.

1772ರಲ್ಲಿ ಇದನ್ನು ಕಟ್ಟಿಸಿದವನು ಡೇನಿಯಲ್ ಹೇವರ್ಡ್, ಭತ್ತದ ದೊಡ್ಡ ಜಮೀನುದಾರ. ಜೌಗುನೆಲದಲ್ಲಿ ಒಡ್ಡು ಕಟ್ಟಿ, ತೂಬು ನಿಲ್ಲಿಸಿ ಭತ್ತ ಬೆಳೆಯುವ ದುಡಿಮೆಯನ್ನು ಆಫ್ರಿಕದಿಂದ ತಂದ ಗುಲಾಮರು ಮಾಡುತ್ತಿದ್ದರು. ಚಾರ್ಲ್ಸ್‌ಟನ್ನಿನ ಪಡಸಾಲೆಗಳು ಆ ಗದ್ದೆಗಳಿಂದ ಎದ್ದವು. ಡೇನಿಯಲ್ಲನ ಮಗ ಥಾಮಸ್ ಹೇವರ್ಡ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1780ರಲ್ಲಿ ನಗರ ಬ್ರಿಟಿಷರ ವಶವಾದಾಗ ಸೆರೆಸಿಕ್ಕು ಫ್ಲಾರಿಡಾದ ಸೇಂಟ್ ಅಗಸ್ಟೀನಿಗೆ ಗಡೀಪಾರಾದವನು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ದಕ್ಷಿಣದ ರಾಜ್ಯಗಳ ಪ್ರವಾಸ ಕೈಗೊಂಡಾಗ ನಗರದವರು ಬಿಡಾರಕ್ಕೆಂದು ಈ ಮನೆಯನ್ನು ಬಾಡಿಗೆಗೆ ಪಡೆದರು. ಅಧ್ಯಕ್ಷ ಅಲ್ಲಿ ಒಂದು ವಾರ ಇದ್ದು ಮುಂದೆ ಹೊರಟ. ಮನೆಯ ಹೆಸರಿನ ಕಥೆ ಇಷ್ಟೇ.

1794ರಲ್ಲಿ ಇದನ್ನು ಕೊಂಡವನು ಜಾನ್ ಫಾಶೆರೋ ಗ್ರಿಮ್ಕಿ, ನ್ಯಾಯಾಧೀಶ, ಗುಲಾಮರ ಒಡೆಯ. 1792ರಲ್ಲಿ ಹುಟ್ಟಿದ ಮಗಳು ಸಾರಾಳ ಬಾಲ್ಯ ಈ ಮನೆಯ ಕಾಲದ್ದು. 1803ರಲ್ಲಿ ಮನೆ ಪರರ ಕೈಸೇರಿತು. ಕಿರಿಯ ಮಗಳು ಆಂಜಲೀನಾ ಹುಟ್ಟಿದ್ದು 1805ರಲ್ಲಿ. ಗುಲಾಮರಿಗೆ ಬರೆಯಲು ಕಲಿಸುವುದನ್ನು 1740ರ ಕಾಯಿದೆಯೇ ನಿಷೇಧಿಸಿದ್ದ ರಾಜ್ಯದಲ್ಲಿ, ನ್ಯಾಯಾಧೀಶನ ಮಗಳು ತನ್ನ ಸೇವೆಗಿದ್ದ ಹುಡುಗಿಗೆ ರಾತ್ರಿ ದೀಪ ಆರಿಸಿ, ಬೀಗದ ಕಿಂಡಿಯನ್ನು ಮರೆಮಾಡಿ, ಒಲೆಯ ಬೆಳಕಿನಲ್ಲಿ ಅಕ್ಷರ ಕಲಿಸಿದಳು. ಇದನ್ನು ಸಾರಾಳೇ ಮುಂದೆ ಬರೆದಿಟ್ಟಿದ್ದಾಳೆ. ಅಕ್ಕ 1821ರಲ್ಲಿ, ತಂಗಿ 1829ರಲ್ಲಿ ಫಿಲಡೆಲ್ಫಿಯಾಕ್ಕೆ ನೆಲೆ ಬದಲಿಸಿದರು. ಆಂಜಲೀನಾ ದಕ್ಷಿಣದ ಕ್ರೈಸ್ತ ಮಹಿಳೆಯರನ್ನು ಕುರಿತು 1836ರಲ್ಲಿ ಬರೆದ ವಿಜ್ಞಾಪನೆಯ ಪ್ರತಿಗಳು ಚಾರ್ಲ್ಸ್‌ಟನ್ನಿನಲ್ಲಿ ಬೆಂಕಿಗೆ ಬಿದ್ದವು. ಊರಿಗೆ ಮರಳಿದರೆ ಬಂಧನ ಎಂಬ ಎಚ್ಚರಿಕೆ ತಾಯಿಗೆ ತಲುಪಿತು. ಗುಲಾಮಗಿರಿಯನ್ನು ದೂರದಿಂದ ಖಂಡಿಸಿದವರು ಆ ಕಾಲದಲ್ಲಿ ಅನೇಕರಿದ್ದರು. ಊಟದ ಮೇಜಿನ ಪಕ್ಕದಲ್ಲಿ ನಿಂತು ಕಂಡದ್ದನ್ನು ಒಡೆಯರ ಮನೆಯ ಮಗಳೇ ಹೇಳಿದ್ದು ನಗರಕ್ಕೆ ಸಹನೆಯಾಗಲಿಲ್ಲ.

ಚರ್ಚ್ ಬೀದಿಯ ಮನೆ ಮುಂದೆ ವಸತಿಗೃಹವಾಯಿತು. ಆಮೇಲೆ ಕೆಳ ಅಂತಸ್ತಿನಲ್ಲಿ ಬ್ರೆಡ್ ಬೇಯಿಸುವ ಅಂಗಡಿ ನಡೆಯಿತು. 1929ರಲ್ಲಿ ಚಾರ್ಲ್ಸ್‌ಟನ್ ಮ್ಯೂಸಿಯಂ ಅದನ್ನು ಕೊಂಡು ಮರುವರ್ಷ ಸಾರ್ವಜನಿಕರಿಗೆ ತೆರೆಯಿತು. ನಗರದಲ್ಲಿ ಹೀಗೆ ತೆರೆದ ಮೊದಲ ಮನೆ ಇದು.

ಮಿಕ್ಕ ಮನೆಗಳಲ್ಲಿಯೂ ಒಡೆಯನ ಹೆಸರೇ ಮೇಲೆ. ಮೀಟಿಂಗ್ ಬೀದಿಯ ನಥಾನಿಯೆಲ್ ರಸೆಲ್ ಮನೆ ಆಧಾರಸ್ತಂಭವಿಲ್ಲದೆ ಸುರುಳಿಯಾಗಿ ಮೇಲೇರುವ ಮೆಟ್ಟಿಲಿಗೆ ಪ್ರಸಿದ್ಧ. ಉತ್ತರದ ರೋಡ್ ಐಲೆಂಡಿನಿಂದ ಬಂದ ಈ ವರ್ತಕನ ವ್ಯಾಪಾರದ ಸರಕುಗಳಲ್ಲಿ ಮನುಷ್ಯರೂ ಸೇರಿದ್ದರು. ಮನೆ ಮುಗಿದದ್ದು 1808ರಲ್ಲಿ; ಹೊರಗಿನಿಂದ ಗುಲಾಮರನ್ನು ತರುವುದು ಅಮೆರಿಕದಲ್ಲಿ ಕಾನೂನುಬಾಹಿರವಾದದ್ದೂ ಅದೇ ವರ್ಷ. ಎಲಿಜಬೆತ್ ಬೀದಿಯ ಏಕನ್-ರೆಟ್ ಮನೆಯ ವಿಷಯ ಬೇರೆ. ಜಾನ್ ರಾಬಿನ್ಸನ್ ಎಂಬ ವರ್ತಕ 1820ರಲ್ಲಿ ಕಟ್ಟಿಸಿದ ಈ ಮನೆ, ಆತನ ಹಡಗುಗಳು ಕಡಲಪಾಲಾದ ಮೇಲೆ ಏಕನ್ ಕುಟುಂಬಕ್ಕೆ ಬಂತು. ರಾಜ್ಯದ ಗವರ್ನರನೂ ಆಗಿದ್ದ ವಿಲಿಯಂ ಏಕನ್ 1860ರ ವೇಳೆಗೆ ತನ್ನ ದ್ವೀಪದ ಭತ್ತದ ಜಮೀನಿನಲ್ಲಿ ಏಳುನೂರಕ್ಕೂ ಹೆಚ್ಚು ಗುಲಾಮರನ್ನು ಹೊಂದಿದ್ದ. ಈ ಮನೆಯನ್ನು ಈಗ ನೋಡಿಕೊಳ್ಳುವವರು ಹಳೆಯದನ್ನು ಹೊಸದಾಗಿ ಕಾಣಿಸುವ ಗೋಜಿಗೆ ಹೋಗದೆ, ಬಣ್ಣ ಎದ್ದ ಗೋಡೆ, ಹರಿದ ಕಾಗದ ಎಲ್ಲವನ್ನೂ ಕಂಡಂತೆಯೇ ಉಳಿಸಿಕೊಂಡಿದ್ದಾರೆ. ನಿರ್ಧಾರ ಉಚಿತವೇ ಆಗಿದೆ. ಅದರಿಂದ ಅಡುಗೆಮನೆಯ ಮಾಳಿಗೆಯ ಕೋಣೆಗಳೂ ಉಳಿದವು. ಅಲ್ಲಿ ಬಾಳಿದ ಡಾರ್ಕಸ್ ಮತ್ತು ಸ್ಯಾಂಬೊ ರಿಚರ್ಡ್‌ಸನ್ ದಂಪತಿಗಳ, ಟಾಮ್ ಮತ್ತು ಆ್ಯನ್ ಗ್ರೆಗ್ಸ್ ದಂಪತಿಗಳ ಹೆಸರುಗಳು ಇಂದು ಒಡೆಯನ ಹೆಸರಿನೊಂದಿಗೆ ಕೇಳಿಬರುತ್ತವೆ.

ಎಲ್ಲರ ಹೆಸರೂ ಹೀಗೆ ದೊರೆಯುವುದಿಲ್ಲ. ಒಡೆಯರು ಗುಲಾಮರನ್ನು ಹೊರಗಿನ ಕೂಲಿಗೆ ಕಳಿಸುವಾಗ ನಗರಾಡಳಿತ ಶುಲ್ಕ ಪಡೆದು ಒಂದು ತಾಮ್ರದ ಬಿಲ್ಲೆ ಕೊಡುತ್ತಿತ್ತು. ಹಿತ್ತಿಲುಗಳನ್ನು ಅಗೆದಾಗ ಅವು ಸಿಕ್ಕಿವೆ. ಅದರ ಮೇಲೆ ಊರಿನ ಹೆಸರು, ವರ್ಷ, ಒಂದು ಸಂಖ್ಯೆ, ಸೇವಕ, ಹಮಾಲಿ, ಬೆಸ್ತ ಎಂಬಂತಹ ಕಸುಬಿನ ಹೆಸರು ಕೊರೆದಿರುತ್ತದೆ. ತೊಟ್ಟವನ ಹೆಸರಿರುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿ ಚರ್ಚ್ ಬೀದಿಯಲ್ಲಿ ಇನ್ನೂ ಒಂದು ಕ್ಷಣ ನಿಲ್ಲಬೇಕು. 87ನೆಯ ಮನೆಗೆ ಅಂಟಿಕೊಂಡಂತಿರುವ ಕಟ್ಟಡ ಕ್ಯಾಬೇಜ್ ರೋ. ಅಂತರ್ಯುದ್ಧದ ನಂತರ ಅಲ್ಲಿ ಬಡ ಕಪ್ಪುಜನರ ಸಂಸಾರಗಳು ಒತ್ತೊತ್ತಾಗಿ ವಾಸವಿದ್ದು, ಕಿಟಕಿಯ ದಂಡೆಯ ಮೇಲೆ ತರಕಾರಿ ಇಟ್ಟು ಮಾರುತ್ತಿದ್ದವು. ಡುಬೋಸ್ ಹೇವರ್ಡನ 1925ರ ಕಾದಂಬರಿ ‘ಪೋರ್ಗಿ’ಯ ಕ್ಯಾಟ್‌ಫಿಶ್ ರೋ ಇದೇ, 1935ರಲ್ಲಿ ಗರ್ಶ್‌ವಿನ್ನನ ಗೀತನಾಟಕವಾಗಿ ಅದು ಲೋಕವಿಖ್ಯಾತವಾಯಿತು. ಲೇಖಕ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಆ ಹೇವರ್ಡನ ವಂಶಜ. ನೆರೆಯವರ ಬದುಕನ್ನು ಅನುಕಂಪದಿಂದ ಕಂಡನೆಂಬುದು ನಿಜ. ಕಂಡದ್ದು ಒಡೆಯರ ಮನೆತನದ ಕಿಟಕಿಯಿಂದ ಎಂಬುದೂ ಅಷ್ಟೇ ನಿಜ.

ಮನೆ, ವಂಶ ಎರಡನ್ನೂ ಕನ್ನಡ ‘ಮನೆತನ’ ಎಂಬ ಒಂದೇ ಮಾತಿನಲ್ಲಿ ಹಿಡಿಯುತ್ತದೆ. ಚಾರ್ಲ್ಸ್‌ಟನ್ನಿನಲ್ಲಿ ಮನೆ ದೊರೆಯದೆ ಹೆಸರಷ್ಟೇ ದೊರೆತವರಿದ್ದರು. ನ್ಯಾಯಾಧೀಶ ಗ್ರಿಮ್ಕಿಯ ಮಗ ಹೆನ್ರಿಗೆ ನ್ಯಾನ್ಸಿ ವೆಸ್ಟನ್ ಎಂಬ ಗುಲಾಮಸ್ತ್ರೀಯಲ್ಲಿ ಮೂವರು ಗಂಡುಮಕ್ಕಳು ಹುಟ್ಟಿದರು. 1852ರಲ್ಲಿ ಹೆನ್ರಿ ತೀರಿಕೊಂಡಾಗ ಅವರು ಆತನ ಬಿಳಿಯ ಮಗ ಮಾಂಟೇಗನ ಪಾಲಿಗೆ ಬಂದರು. ಮುಂದೆ ಅಣ್ಣನೇ ತಮ್ಮಂದಿರನ್ನು ಆಳುಗಳನ್ನಾಗಿ ದುಡಿಸಿಕೊಂಡ. ಅಂತರ್ಯುದ್ಧ ಮುಗಿದು 1868ರಲ್ಲಿ, ವೃದ್ಧಾಪ್ಯದ ಹೊಸ್ತಿಲಲ್ಲಿದ್ದ ಆಂಜಲೀನಾ ಪತ್ರಿಕೆಯೊಂದನ್ನು ಓದುತ್ತಿದ್ದಾಗ, ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ಗ್ರಿಮ್ಕಿ ಎಂಬ ಮಾತು ಕಣ್ಣಿಗೆ ಬಿತ್ತು. ಅಪರೂಪದ ಹೆಸರದು. ಅಣ್ಣನ ಗುಲಾಮನಾಗಿದ್ದವನಿರಬಹುದೇ ಎಂದು ವಿಚಾರಿಸಿ ಪತ್ರ ಬರೆದಳು. ಆರ್ಚಿಬಾಲ್ಡ್ ಗ್ರಿಮ್ಕಿ ತನ್ನ ತಂದೆತಾಯಿಗಳು ಯಾರೆಂಬುದನ್ನು ಮುಚ್ಚಿಡದೆ ಉತ್ತರಿಸಿದ. ಸೋದರತ್ತೆಯರಿಬ್ಬರೂ ಆ ಹುಡುಗರನ್ನು ತಮ್ಮ ಅಣ್ಣತಮ್ಮಂದಿರ ಮಕ್ಕಳೆಂದು ಬಹಿರಂಗವಾಗಿ ಒಪ್ಪಿಕೊಂಡು ವಿದ್ಯಾಭ್ಯಾಸಕ್ಕೆ ನೆರವಾದರು. ಆರ್ಚಿಬಾಲ್ಡ್ ಹಾರ್ವರ್ಡಿನಲ್ಲಿ ಕಾನೂನು ಓದಿದ; ತಮ್ಮ ಫ್ರಾನ್ಸಿಸ್ ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರ ಓದಿ ಪಾದ್ರಿಯಾದ.

1880ರಲ್ಲಿ ಹುಟ್ಟಿದ ಮಗಳಿಗೆ ಆರ್ಚಿಬಾಲ್ಡ್ ಆ ಅತ್ತೆಯ ಹೆಸರನ್ನೇ ಇಟ್ಟ. ಆಂಜಲೀನಾ ವೆಲ್ಡ್ ಗ್ರಿಮ್ಕಿ ಕವಯಿತ್ರಿಯಾಗಿ, ನಾಟಕಕಾರ್ತಿಯಾಗಿ ಅಮೆರಿಕದ ಸಾಹಿತ್ಯಚರಿತ್ರೆಯಲ್ಲಿ ಉಳಿದಿದ್ದಾಳೆ. ಅವಳ ‘ರೇಚಲ್’ ನಾಟಕ 1916ರಲ್ಲಿ ವಾಷಿಂಗ್ಟನ್ ನಗರದಲ್ಲಿ ರಂಗವೇರಿತು. ಗುಂಪು ಸೇರಿ ಕೊಲ್ಲುವ ಕ್ರೌರ್ಯಕ್ಕೆ ದಕ್ಷಿಣದಲ್ಲಿ ತಂದೆಯನ್ನೂ ಮಗನನ್ನೂ ಕಳೆದುಕೊಂಡು ಉತ್ತರಕ್ಕೆ ಬಂದ ಕಪ್ಪು ಕುಟುಂಬವೊಂದರ ಕಥೆಯದು. ನಾಟಕ ಆದ್ಯಂತ ನಡೆಯುವುದು ಆ ಕುಟುಂಬದ ಪುಟ್ಟ ವಸತಿಯ ಒಂದೇ ಕೋಣೆಯಲ್ಲಿ.